ಹಲ್ಲಿಲ್ಲದ ಅಪ್ಪನಿಗೆ ಜರ್ಮನ್ ಹಾಕ್‌ಬ್ರಾಟನ್: ಖೀಮಾ ಉದುರದ ಹಾಗೆ ಮಾಡುವುದು ಹೇಗೆ?

ಉದ್ಯಮಬಾಗ_ಫೌಂಡ್ರಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವನು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 22 ವರ್ಷದಿಂದ ಕೆಲಸ. ಭಾನುವಾರದ ಮಟನ್ ನಮ್ಮ ಮನೆಯಲ್ಲಿ ನಾನೇ ಮಾಡುವುದು. ಆದರೆ ಈ ಒಂದು ಅಡುಗೆ ಮೂರು ಸಲ ಮಾಡಿದರೂ ಕೂಡಿ ಬರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ದಯವಿಟ್ಟು.

ಅಪ್ಪನಿಗೆ ಈಗ 79. ಸವದತ್ತಿ ಕಡೆಯ ಹಳ್ಳಿಯಲ್ಲಿ ಬೆಳೆದವರು. ಮಟನ್ ಅಂದರೆ ಜೀವ. ನಳ್ಳಿ ಎಲುಬು ತಾಟಿಗೆ ಬಡಿದು, ಒಳಗಿನದನ್ನು ಹೀರಿ, ಆಮೇಲೆಯೇ ಕೈ ತೊಳೆಯುತ್ತಿದ್ದರು. ಹೋದ ವರ್ಷ ಉಳಿದಿದ್ದ ನಾಲ್ಕು ಹಲ್ಲೂ ಹೋದವು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆ ಅಂತ ಡಬ್ಬಿಯಲ್ಲೇ ಇದೆ. ಈಗ ಭಾನುವಾರ ಅವರ ತಾಟಿನಲ್ಲಿ ಭಕ್ಕರಿ ಮುರಿದು ಹಾಕಿ ಮೇಲೆ ಸಾರು ಸುರಿಯುತ್ತೇವೆ. ತುಂಡು ನಾವು ತಿನ್ನುತ್ತೇವೆ. ಅವರು ಏನೂ ಅನ್ನುವುದಿಲ್ಲ, ಆದರೆ ಮೊಮ್ಮಗನ ತಾಟಿನ ಕಡೆ ಒಮ್ಮೆ ನೋಡುತ್ತಾರೆ. ಖೀಮಾ ಮಾಡಿಕೊಟ್ಟೆ. ಕಾಳು ಕಾಳಾಗಿ ಒಸಡಿನ ಸಂದಿಯಲ್ಲಿ ಕೂರುತ್ತದೆ ಅಂದರು. ಕುಕ್ಕರಿನಲ್ಲಿ ಎಂಟು ಸೀಟಿ ಹೊಡೆಸಿದರೆ ತುಂಡು ನಾರು ನಾರಾಗುತ್ತದೆ, ಅದೂ ನುಂಗಲು ಆಗುವುದಿಲ್ಲ.

ಆಗ ನೆನಪಾಗಿದ್ದು ಹಾಕ್‌ಬ್ರಾಟನ್. 2011ರಲ್ಲಿ ಕಾರ್ಖಾನೆಯವರು ಮೋಲ್ಡಿಂಗ್ ಮಷೀನಿನ ತರಬೇತಿಗೆ ನನ್ನನ್ನು ಏಳು ತಿಂಗಳು ಜರ್ಮನಿಗೆ ಕಳಿಸಿದ್ದರು. ಝೀಗನ್ ಅನ್ನುವ ಊರು. ಹಳೇ ಕಬ್ಬಿಣದ ಗಣಿಗಳ ಸೀಮೆ. ಗುಡ್ಡ, ಕಾಡು, ಮತ್ತೆ ಮಳೆ. ನಮ್ಮ ಬೆಳಗಾವಿಯ ಜುಲೈ ತಿಂಗಳ ಹಾಗೆ ಜಿಟಿಜಿಟಿ ಬಿಡದೆ ಹನಿಯುವ ಮಳೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕೆಳಗೆ ಕರೆಯುತ್ತಿದ್ದರು. ಓವನ್‌ನಿಂದ ಬ್ರೆಡ್ಡಿನ ಆಕಾರದ ಒಂದು ದೊಡ್ಡ ಮುದ್ದೆ ಹೊರಗೆ ಬರುತ್ತಿತ್ತು. ಹಾಕ್ ಅಂದರೆ ಖೀಮಾ, ಬ್ರಾಟನ್ ಅಂದರೆ ಇಡಿಯಾಗಿ ಬೇಯಿಸಿದ ಮಾಂಸ. ಒಳಗೆ ಉದ್ದಕ್ಕೂ ಬೆಂದ ತತ್ತಿ ಇಟ್ಟರೆ ಅದಕ್ಕೇ ಫಾಲ್ಶರ್ ಹಾಸೆ ಅನ್ನುತ್ತಾರೆ, ಸುಳ್ಳು ಮೊಲ ಅಂತ ಅರ್ಥ. ಮೊಲ ಕೊಳ್ಳಲು ಆಗದ ಮನೆಯವರು ಖೀಮಾವನ್ನೇ ಮೊಲದ ಬೆನ್ನಿನ ಆಕಾರಕ್ಕೆ ತಟ್ಟಿ ಭಾನುವಾರ ಮಾಡುತ್ತಿದ್ದರು ಅಂತ ಅಜ್ಜಿ ಹೇಳಿದ್ದು.

ಅವರ ಗಂಡನಿಗೂ ಹಲ್ಲಿರಲಿಲ್ಲ. ಅವರು ಚಾಕು ಮುಟ್ಟುತ್ತಿರಲಿಲ್ಲ, ಚಮಚದ ಅಂಚಿನಿಂದಲೇ ಒತ್ತಿ ಕತ್ತರಿಸುತ್ತಿದ್ದರು. ಅದು ನನ್ನ ಕಣ್ಣಲ್ಲಿ ಉಳಿದಿದೆ. ಅಪ್ಪನ ಕೈಯಲ್ಲೂ ಹಾಗೇ ಚಮಚ ನೋಡಬೇಕು ಅಂತ ಆಸೆ.

ನಾನು ಮಾಡಿದ್ದು ಹೀಗೆ. ಅರ್ಧ ಕಿಲೋ ಮಟನ್ ಖೀಮಾ ತಂದು, ಜಾಳಿಗೆಯಲ್ಲಿ ಹಾಕಿ ನಳದ ಕೆಳಗೆ ಎರಡು ಸಲ ತೊಳೆದೆ. ಎರಡು ಹಸಿ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ಹಾಕಿದೆ. ಒಂದು ತತ್ತಿ, ಪಾಕೀಟಿನ ಬ್ರೆಡ್ ಪುಡಿ ಒಂದು ಹಿಡಿ, ಉಪ್ಪು, ಮೆಣಸು, ಬಾಟಲಿಯ ಸಾಸಿವೆ. ಮಧ್ಯ ಎರಡು ಬೆಂದ ತತ್ತಿ. ಓಟಿಜಿಯಲ್ಲಿ 200 ಡಿಗ್ರಿಗೆ 40 ನಿಮಿಷ. ತೆಗೆದಾಗ ಟ್ರೇ ತುಂಬಾ ನೀರು. ಮುದ್ದೆ ಅರ್ಧಕ್ಕೆ ಇಳಿದಿತ್ತು. ಚಾಕು ಇಟ್ಟ ಕೂಡಲೇ ಪುಡಿಪುಡಿ, ತತ್ತಿ ಉರುಳಿ ಹೊರಗೆ ಬಂತು. ಎರಡನೇ ಸಲ ಬ್ರೆಡ್ ಪುಡಿ ಜಾಸ್ತಿ ಹಾಕಿದೆ, ಗಟ್ಟಿ ಇಟ್ಟಿಗೆ ಆಯ್ತು. ಮೂರನೆಯದು ಮತ್ತೆ ಮೊದಲಿನ ಹಾಗೇ.

ಕೇಳಬೇಕಾದ್ದು ಮೂರು. ನೀರು ಯಾಕೆ ಬಿಡುತ್ತದೆ? ಅಜ್ಜಿ ದನದ ಖೀಮಾ ಮತ್ತು ಹಂದಿ ಖೀಮಾ ಅರ್ಧರ್ಧ ಹಾಕುತ್ತಿದ್ದರು, ನಮ್ಮ ಮನೆಯಲ್ಲಿ ಎರಡೂ ನಡೆಯುವುದಿಲ್ಲ, ಮಟನ್‌ಗೆ ಏನು ಸೇರಿಸಬೇಕು? ಮಾಯೊರಾನ್ ಅಂತ ಒಂದು ಒಣಗಿದ ಎಲೆ ಹಾಕುತ್ತಿದ್ದರು, ಆ ವಾಸನೆ ಇಲ್ಲದೆ ಅದು ಆ ಅಡುಗೆಯೇ ಅಲ್ಲ. ಬೆಳಗಾವಿಯಲ್ಲಿ ಎಲ್ಲಿ ಸಿಗುತ್ತದೆ?

ಘಟಪ್ರಭಾ_ದಂಡೆ

ಅಣ್ಣಾವ್ರೇ, ನಾನು ಮುಧೋಳ ಕಡೆಯವನು. ನಮ್ಮದು ಅಜ್ಜನ ಕಾಲದಿಂದ ಮಟನ್ ಅಂಗಡಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ. ಖೀಮಾ ತೊಳೆದಿರಿ.

ತುಂಡು ತೊಳೆದರೆ ನೀರು ಮೇಲಿಂದ ಜಾರಿ ಹೋಗುತ್ತದೆ. ಖೀಮಾ ಸ್ಪಂಜಿನ ಹಾಗೆ, ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹಿಂಡಿದರೂ ಬಿಡುವುದಿಲ್ಲ, ಬಿಸಿ ಹತ್ತಿದ ಮೇಲೆ ಬಿಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಏನು ಅಂದರೆ, ಖೀಮಾದಲ್ಲಿ ಒಂದು ಅಂಟು ಇರುತ್ತದೆ. ಉಪ್ಪು ಹಾಕಿ ನಾದಿದರೆ ಅದು ಮೇಲೆ ಬರುತ್ತದೆ, ಕೈಗೆ ಜಿಗಟು ಹತ್ತುತ್ತದೆ. ಒಂದು ಕಣ ಇನ್ನೊಂದು ಕಣಕ್ಕೆ ಹಿಡಿಯುವುದೇ ಅದರಿಂದ. ನಳದ ಕೆಳಗೆ ಹಿಡಿದರೆ ಆ ಅಂಟೂ ತೊಳೆದು ಹೋಯ್ತು.

ಅಂಗಡಿಯವನಿಗೆ ಹೀಗೆ ಹೇಳಿ: ತುಂಡು ಮೊದಲು ತೊಳೆದು, ಬಟ್ಟೆಯಿಂದ ಒರೆಸಿ, ಆಮೇಲೆ ಮಷೀನಿಗೆ ಹಾಕು. ಎರಡು ಸಲ ಹಾಯಿಸು. ಅಪ್ಪಾವ್ರಿಗೆ ಹಲ್ಲಿಲ್ಲ ಅಂದಮೇಲೆ ಎರಡು ಸಲ ಬೇಕೇ ಬೇಕು. ತೊಡೆಯ ಮಾಂಸ ಮಾತ್ರ ತೆಗೆದುಕೊಳ್ಳಬೇಡಿ, ಅದು ಬರೀ ಕೆಂಪು, ಒಣಗುತ್ತದೆ. ಭುಜದ್ದು ಕೇಳಿ. 400 ಗ್ರಾಂ ಮಾಂಸಕ್ಕೆ 80 ಗ್ರಾಂ ಕೊಬ್ಬು ಸೇರಿಸಿ ಅರೆಯಲು ಹೇಳಿ. ಕೊಬ್ಬು ಬೇಡ ಅನ್ನುವವರು ಈ ಅಡುಗೆ ಮಾಡಲೇಬಾರದು, ಇದು ನನ್ನ ಖಚಿತ ಮಾತು. ಮತ್ತೆ ಅರೆಸಿದ ದಿನವೇ ಬೇಯಿಸಿ, ಖೀಮಾ ಮರುದಿನಕ್ಕೆ ಇಡುವ ವಸ್ತುವಲ್ಲ.

ವಿಜಾಪುರದ_ಅಕ್ಕ

ತಮ್ಮಾ, ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆದರೆ ನೀವು ಕೇಳಿದ ಎಲೆ ನನಗೆ ಗೊತ್ತು.

ಅದು ನಮ್ಮ ಮರುಗ. ಮಲ್ಲಿಗೆ, ಕನಕಾಂಬರದ ಜೊತೆ ಸೇರಿಸಿ ಮಾಲೆ ಕಟ್ಟುತ್ತಾರಲ್ಲ, ಆ ಹಸಿರು ಕಡ್ಡಿ. ಮರಾಠಿಯವರು ಮರವಾ ಅನ್ನುತ್ತಾರೆ. ನನ್ನ ಮಗಳು ಪಿಜ್ಜಾ ಮೇಲೆ ಉದುರಿಸುವ ಎಲೆಯ ಪಾಕೀಟು ತಂದಿದ್ದಳು, ಒಡೆದ ಕೂಡಲೇ ನನಗೆ ಜಡೆಯ ಹೂವಿನ ವಾಸನೆ ಬಂತು. ಚೀಟಿ ಓದಿದರೆ ಮಾರ್ಜೋರಾಮ್. ಜರ್ಮನಿಯವರು ಮಾಯೊರಾನ್ ಅನ್ನುವುದೂ ಅದೇ. ನಾವು ಮುಡಿಯುತ್ತೇವೆ, ಅವರು ತಿನ್ನುತ್ತಾರೆ, ಅಷ್ಟೇ.

ಹೂವಿನವರ ಹತ್ತಿರ ಸಿಗುತ್ತದೆ ಅಂತ ಅದನ್ನೇ ತಂದು ಅಡುಗೆಗೆ ಹಾಕಬೇಡಿ. ಮಾಲೆಯ ಬೆಳೆಗೆ ಔಷಧ ಹೊಡೆದಿರುತ್ತಾರೆ. ನರ್ಸರಿಯಿಂದ ಒಂದು ಕುಂಡ ತನ್ನಿ. ತುದಿ ಚಿವುಟಿದಷ್ಟೂ ಹಬ್ಬುತ್ತದೆ. ನೀರು ಜಾಸ್ತಿ ಆದರೆ ಬೇರು ಕೊಳೆಯುತ್ತದೆ. ನಿಮ್ಮ ಬೆಳಗಾವಿ ಮಳೆಗೆ ಹೊರಗೆ ಇಡಬೇಡಿ, ಕಿಟಕಿಯ ಕಟ್ಟೆ ಸಾಕು. ಕಡ್ಡಿ ಕತ್ತರಿಸಿ ನೆರಳಿನಲ್ಲಿ ತಲೆಕೆಳಗೆ ತೂಗುಹಾಕಿ. ನಾಲ್ಕೈದು ದಿನಕ್ಕೆ ಎಲೆ ಗರಿಗರಿ ಆಗುತ್ತದೆ. ಅಂಗೈಯಲ್ಲಿ ತಿಕ್ಕಿ ಹಾಕಿ. ಬಿಸಿಲಿಗೆ ಇಟ್ಟರೆ ವಾಸನೆ ಹಾರಿಹೋಗುತ್ತದೆ.

ಅಪ್ಪಾವ್ರಿಗೆ ಚೆನ್ನಾಗಿ ಮಾಡಿ ಹಾಕಿ. ನನ್ನ ಅತ್ತೆಗೂ ಹಲ್ಲಿರಲಿಲ್ಲ, ಅದು ಏನು ಕಷ್ಟ ಅಂತ ಕಂಡಿದ್ದೇನೆ.

ನೆಕ್ಕರ್_ತೀರ

ನಾನು ಬಾಗಲಕೋಟೆ ವಿದ್ಯಾಗಿರಿಯವನು, ಒಂಬತ್ತು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ತೊಳೆಯುವ ಮಾತು ಆಗಲೇ ಬಂತು. ಉಳಿದ ಎರಡು ತಪ್ಪು ಬ್ರೆಡ್ ಪುಡಿ ಮತ್ತು ಹಸಿ ಉಳ್ಳಾಗಡ್ಡಿ.

ಇಲ್ಲಿ ಪುಡಿ ಹಾಕುವವರೂ ಇದ್ದಾರೆ. ಆದರೆ ಮೆತ್ತಗೆ ಬೇಕಾದರೆ ನಿನ್ನೆಯ ಬ್ರೋಟ್ಶನ್, ಅಂದರೆ ಒಣಗಿದ ಸಣ್ಣ ಬ್ರೆಡ್ಡು, ಹಾಲಿನಲ್ಲಿ ನೆನೆಸಿ ಹಿಂಡಿ ಹಾಕಬೇಕು. ನಿಮ್ಮ ಊರಿನ ಪಾವ್ ಅದಕ್ಕೆ ಸರಿಹೋಗುತ್ತದೆ. ಒಣ ಪುಡಿ ಮಾಂಸದ ನೀರನ್ನು ತಾನು ಕುಡಿದು ಗಟ್ಟಿಯಾಗುತ್ತದೆ. ನೆನೆದ ಪಾವ್ ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಮಾಂಸ ಬಿಸಿಗೆ ಕುಗ್ಗುತ್ತಾ ರಸ ಹಿಂಡಿದಾಗ ಅದನ್ನು ಅಲ್ಲೇ ಹಿಡಿದಿಡುತ್ತದೆ. ಕಾಳು ಕಾಳು ಆಗದ ಗುಟ್ಟು ಇದೇ.

ನಿಮ್ಮ ಅಳತೆಗೆ ಹೇಳುತ್ತೇನೆ. 300 ಗ್ರಾಂ ಮಟನ್ ಖೀಮಾ ಕೊಬ್ಬಿನ ಜೊತೆ, 200 ಗ್ರಾಂ ಕೋಳಿಯ ತೊಡೆಯ ಖೀಮಾ. ಹಂದಿ ಕೊಡುವ ಮೆತ್ತನೆಯ ಗುಣ ಮಟನ್‌ಗೆ ಇಲ್ಲ, ಕೋಳಿ ಅದನ್ನು ತುಂಬುತ್ತದೆ. ನಿನ್ನೆಯ ಪಾವ್ ಎರಡು, ಬೆಚ್ಚಗಿನ ಹಾಲು ಅರ್ಧ ಬಟ್ಟಲು. ಒಂದು ಉಳ್ಳಾಗಡ್ಡಿ ಆದಷ್ಟು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಗಾಜಿನ ಹಾಗೆ ಆಗುವವರೆಗೆ ಬಾಡಿಸಿ, ಪೂರ್ತಿ ಆರಿಸಿ. ಒಂದು ತತ್ತಿ. ಸಾಸಿವೆ ಒಂದು ದೊಡ್ಡ ಚಮಚ. ಉಪ್ಪು ಒಂದೂವರೆ ಚಹಾ ಚಮಚ. ಮೆಣಸಿನ ಪುಡಿ ಅಂದರೆ ಕರಿಮೆಣಸು ಅರ್ಧ ಚಮಚ, ಜಾಯಿಕಾಯಿ ನಾಲ್ಕು ಉಜ್ಜು, ಒಣಗಿದ ಮರುಗ ಒಂದು ಚಮಚ. ಗರಂ ಮಸಾಲೆ ಬೇಡ. ಕೊತ್ತಂಬರಿಯೂ ಬೇಡ, ಅದು ಮರುಗವನ್ನು ನುಂಗಿಬಿಡುತ್ತದೆ.

ಮೊದಲು ಖೀಮಾಗೆ ಉಪ್ಪು ಹಾಕಿ ಕೈಯಿಂದ ನಾಲ್ಕೈದು ನಿಮಿಷ ನಾದಿ. ಖೀಮಾ ತಣ್ಣಗಿರಬೇಕು. ಆಮೇಲೆ ಉಳಿದದ್ದು ಸೇರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಳಗಿನ ತತ್ತಿಗಳನ್ನು ಎಂಟು ನಿಮಿಷಕ್ಕಿಂತ ಜಾಸ್ತಿ ಕುದಿಸಬೇಡಿ, ಮತ್ತೆ ಬೇಯುತ್ತವೆ. ಸಿಪ್ಪೆ ಸುಲಿದು, ಒರೆಸಿ, ಮೈದಾದಲ್ಲಿ ಹೊರಳಿಸಿ ಇಡಿ. ಹಾಗೆ ಮಾಡಿದರೆ ಖೀಮಾ ಹತ್ತಿಕೊಳ್ಳುತ್ತದೆ, ಉರುಳುವುದಿಲ್ಲ.

ಇಲ್ಲಿ ಟ್ರೇ ಮೇಲೆ ಹಾಗೇ ತಟ್ಟಿಟ್ಟು ಬೇಯಿಸಿದರೆ ಸುತ್ತಲೂ ಕಂದು ಹೊರಪದರ ಬರುತ್ತದೆ, ಅದೇ ರುಚಿ ಅನ್ನುತ್ತಾರೆ. ಆದರೆ ನಿಮ್ಮ ಅಪ್ಪನಿಗೆ ಆ ಪದರ ಬೇಡ. ಬ್ರೆಡ್ ಡಬ್ಬಿಯಲ್ಲಿ ಒತ್ತಿ, ಮೇಲೆ ಫಾಯಿಲ್ ಮುಚ್ಚಿ, 180 ಡಿಗ್ರಿಯಲ್ಲಿ ಸುಮಾರು 50 ನಿಮಿಷ. ಕೋಳಿ ಇರುವುದರಿಂದ ಒಳಗೆ 75 ಡಿಗ್ರಿ ಮುಟ್ಟಲೇಬೇಕು. ಮುಳ್ಳಿನ ಥರ್ಮಾಮೀಟರ್ ಒಂದು ಕೊಳ್ಳಿ. ತತ್ತಿಗೆ ಅಲ್ಲ, ಖೀಮಾಗೆ ಚುಚ್ಚಿ ನೋಡಿ. ತೆಗೆದ ಮೇಲೆ 15 ನಿಮಿಷ ಮುಟ್ಟಬೇಡಿ. ಬಿಸಿಯಲ್ಲೇ ಕತ್ತರಿಸಿದರೆ ರಸ ಎಲ್ಲ ಹಲಗೆಯ ಮೇಲೆ.

ಜೊತೆಗೆ ಬಟಾಟಿ ಪ್ಯೂರೆ. ಅದು ಹೇಗೂ ಮೆತ್ತಗೆ. ಕೆಂಪು ಕೋಸು ಮಾಡುವುದಾದರೆ ಸಣ್ಣಗೆ ಹೆಚ್ಚಿ, ಸೇಬು, ಎರಡು ಲವಂಗ, ವಿನೆಗರ್ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ. ವಿನೆಗರ್ ಮೊದಲೇ ಹಾಕಿ, ಇಲ್ಲದಿದ್ದರೆ ಬಣ್ಣ ನೀಲಿಗೆ ತಿರುಗುತ್ತದೆ. ಉತ್ತರದವರು ಇದಕ್ಕೆ ರೋಟ್‌ಕೋಲ್, ಕೆಂಪು ಕೋಸು, ಅನ್ನುತ್ತಾರೆ. ಇಲ್ಲಿ ದಕ್ಷಿಣದಲ್ಲಿ ಬ್ಲೌಕ್ರೌಟ್, ನೀಲಿ ಕೋಸು. ಒಂದೇ ಕೋಸು.

ವಿಜಾಪುರದ ಅಕ್ಕಾವ್ರೇ, ನಿಮಗೂ ಒಂದಿದೆ. ನಮ್ಮ ಈ ಶ್ವಾಬಿಯಾ ಸೀಮೆಯ ಮನೆಯೂಟ ಅಂದರೆ ಲಿನ್ಸನ್ ಮಿಟ್ ಶ್ಪೆಟ್ಸ್‌ಲೆ. ಮಸೂರದಂಥ ಕಾಳು ವಿನೆಗರ್ ಹಾಕಿ ಹುಳಿಹುಳಿ ಬೇಯಿಸಿ, ಗಿಡ್ಡ ಶಾವಿಗೆಯ ಜೊತೆ ತಿನ್ನುತ್ತಾರೆ. ಸಾಸೇಜ್ ಬಿಟ್ಟರಾಯ್ತು. ಆ ಶಾವಿಗೆಯ ಹಿಟ್ಟಿಗೆ ಮಾತ್ರ ತತ್ತಿ ಬೇಕು. ಒತ್ತುವ ಸಾಧನ ನೋಡಿದರೆ ನಮ್ಮ ಚಕ್ಕಲಿ ಒತ್ತುವುದೇ ನೆನಪಾಗುತ್ತದೆ. ಇಲ್ಲಿಂದ ಟ್ಯೂಬಿಂಗನ್ ರೈಲಿನಲ್ಲಿ ಒಂದು ತಾಸು. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಊರು. ಅಲ್ಲಿಗೆ ಹೋದಾಗೆಲ್ಲ ಇದನ್ನೇ ತಿನ್ನುತ್ತೇನೆ.

ಓವನ್_ಇಲ್ಲದವಳು

ನಮ್ಮ ಮನೆಯಲ್ಲಿ ಓಟಿಜಿ ಇಲ್ಲ. ಕುಕ್ಕರಿನಲ್ಲಿ ಮಾಡಬಹುದಾ ಸರ್?

ನೆಕ್ಕರ್_ತೀರ

ಮಾಡಬಹುದು, ಆದರೆ ಅಷ್ಟು ಕಷ್ಟ ಬೇಡ. ಅದೇ ಮಿಶ್ರಣವನ್ನು ಅಂಗೈ ಅಗಲ ತಟ್ಟಿ, ತವೆಯ ಮೇಲೆ ಬೆಣ್ಣೆ ಎಣ್ಣೆ ಎರಡೂ ಹಾಕಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಅದಕ್ಕೆ ಫ್ರಿಕಾಡೆಲ್ಲನ್ ಅಂತಾರೆ. ಬರ್ಲಿನ್‌ನಲ್ಲಿ ಬುಲೆಟ್ಟೆ, ನಮ್ಮ ಕಡೆ ಫ್ಲೈಶ್‌ಕ್ಯೂಶ್ಲೆ. ಇಲ್ಲಿನ ತಾಯಂದಿರು ವಾರದ ದಿನ ಮಾಡುವುದು ಇದನ್ನೇ.

ಉದ್ಯಮಬಾಗ_ಫೌಂಡ್ರಿ

ಎಲ್ಲರಿಗೂ ಉಪಕಾರ. ಎರಡು ವಾರ ಆಯ್ತು, ಮರುಗ ಒಣಗಲಿ ಅಂತ ಕಾದೆ. ಮೊನ್ನೆ ಭಾನುವಾರ ಮಾಡಿದೆ.

ಅಂಗಡಿಯವನಿಗೆ ತೊಳೆದು, ಒರೆಸಿ, ಎರಡು ಸಲ ಹಾಯಿಸು ಅಂದೆ. ಗಿರಾಕಿ ಜಾಸ್ತಿ ಇದ್ದರು, ಆದರೂ ಅಪ್ಪನ ವಿಷಯ ಹೇಳಿದ ಮೇಲೆ ಮಾಡಿಕೊಟ್ಟ. ಕ್ಯಾಂಪಿನ ಬೇಕರಿಯಿಂದ ಶನಿವಾರವೇ ಪಾವ್ ತಂದಿಟ್ಟಿದ್ದೆ. ಥರ್ಮಾಮೀಟರ್ ಖಡೇಬಜಾರಿನಲ್ಲಿ ಸಿಕ್ಕಿತು.

ನಾದುವಾಗ ಒಂದು ವಿಷಯ ಹೊಳೆಯಿತು, ಅದನ್ನು ಇಲ್ಲಿ ಬರೆಯಬೇಕು. ನಮ್ಮ ಫೌಂಡ್ರಿಯಲ್ಲಿ ಅಚ್ಚಿನ ಮರಳಿಗೆ ಬೆಂಟೋನೈಟ್ ಮಣ್ಣು ಮತ್ತು ನೀರು ಸೇರಿಸಿ ಮಿಕ್ಸರಿನಲ್ಲಿ ತಿರುಗಿಸುತ್ತೇವೆ. ಹದ ನೋಡಲು ಒಂದು ಹಿಡಿ ಮರಳು ಮುಷ್ಟಿಯಲ್ಲಿ ಗಟ್ಟಿ ಹಿಡಿದು ಬಿಡಬೇಕು. ಬೆರಳಿನ ಗುರುತು ಸರಿಯಾಗಿ ಮೂಡಿರಬೇಕು. ಎರಡೂ ಕೈಯಿಂದ ಮುರಿದರೆ ನೇರವಾಗಿ ಎರಡು ತುಂಡಾಗಬೇಕು. ಉದುರಿದರೆ ಮಣ್ಣಿನ ಅಂಟು ಸಾಲದು. ಅಂಗೈಗೆ ಹತ್ತಿದರೆ ನೀರು ಜಾಸ್ತಿ, ಅಂಥ ಅಚ್ಚಿಗೆ ಕಬ್ಬಿಣ ಸುರಿದರೆ ಹಬೆ ಎದ್ದು ಎರಕದಲ್ಲಿ ತೂತು ಬೀಳುತ್ತವೆ. 22 ವರ್ಷ ದಿನಾ ಮಾಡಿದ ಪರೀಕ್ಷೆ ಇದು. ಮೊದಲ ಎರಡು ನಿಮಿಷ ಖೀಮಾ ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಬಣ್ಣ ಸ್ವಲ್ಪ ತಿಳಿಯಾಯ್ತು, ಪರಾತದ ತಳಕ್ಕೆ ಹತ್ತತೊಡಗಿತು. ಐದಕ್ಕೆ ಮುಷ್ಟಿ ಬಿಟ್ಟರೆ ನಾಲ್ಕೂ ಬೆರಳಿನ ಗುರುತು ಹಾಗೇ ನಿಂತಿತು. ಅಲ್ಲಿಗೆ ನಿಲ್ಲಿಸಿದೆ. ಗಡಿಯಾರಕ್ಕಿಂತ ನನಗೆ ಈ ಗುರುತಿನ ಮೇಲೇ ನಂಬಿಕೆ.

50 ನಿಮಿಷಕ್ಕೆ 68 ತೋರಿಸಿತು. ಮತ್ತೆ 11 ನಿಮಿಷ ಇಟ್ಟೆ, 76 ಬಂತು. ಡಬ್ಬಿಯಲ್ಲಿ ರಸ ಎರಡು ಚಮಚದಷ್ಟು, ಅಷ್ಟೇ. ಅದಕ್ಕೆ ಬಾಡಿಸಿದ ಉಳ್ಳಾಗಡ್ಡಿ, ಎಲುಬಿನ ಸಾರು, ಸ್ವಲ್ಪ ಮೈದಾ ಕದಡಿ ಹಾಕಿ ಗ್ರೇವಿ ಮಾಡಿದೆ. 15 ನಿಮಿಷ ಕಾಯುವುದು ಮಗನಿಗೆ ಕಷ್ಟ ಆಯ್ತು, ನನಗೆ ಅಲ್ಲ. ಎರಕ ಆರುವ ಮೊದಲು ಅಚ್ಚು ಒಡೆಯಬಾರದು ಅಂತ ಹೊಸ ಹುಡುಗರಿಗೆ ದಿನಾ ಹೇಳುತ್ತೇನೆ.

ಹೋಳು ಬೆರಳಿನಷ್ಟು ದಪ್ಪ ಬಂತು. ಮಧ್ಯ ತತ್ತಿಯ ಹಳದಿ, ಬಿಳಿ, ಸುತ್ತ ಖೀಮಾ. ತತ್ತಿ ಅಲುಗಲಿಲ್ಲ. ಅಪ್ಪನ ತಾಟಿಗೆ ಒಂದು ಹೋಳು, ಬಟಾಟಿ ಪ್ಯೂರೆ, ಮೇಲೆ ಗ್ರೇವಿ ಹಾಕಿ ಚಮಚ ಕೊಟ್ಟೆ. ಅವರು ಚಮಚ ಬದಿಗಿಟ್ಟು ಬೆರಳಿನಿಂದ ಒತ್ತಿ ನೋಡಿದರು. ತುಂಡು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಒಸಡಿನಲ್ಲಿ ಆಡಿಸಿದರು. ನಾನು ಏನೂ ಕೇಳಲಿಲ್ಲ. ಆಮೇಲೆ "ಎಲುಬು ಎಲ್ಲಿ" ಅಂದರು. ಇದರಲ್ಲಿ ಎಲುಬು ಇಲ್ಲ ಅಪ್ಪಾ ಅಂದೆ. "ಮಟನ್ನೇ ಅಲ್ವಾ?" ಅಂದರು. ಹೌದು ಅಂದೆ. ಕೋಳಿಯ ವಿಷಯ ಹೇಳಲಿಲ್ಲ. ಎರಡನೇ ಹೋಳಿಗೆ ಕೆಂಪು ಹಿಂಡಿ ಕೇಳಿದರು, ಮೂರನೇದು ಅರ್ಧ ತಿಂದರು.

ಮರುಗದ ವಾಸನೆ ಓಟಿಜಿ ಬಾಗಿಲು ತೆಗೆದಾಗಲೇ ಬಂದಿತ್ತು. ಹೊರಗೆ ಮಳೆ. ಒಂದು ಕ್ಷಣ ನಾನು ಝೀಗನ್‌ನ ಆ ಅಡುಗೆಮನೆಯಲ್ಲೇ ನಿಂತಿದ್ದೆ. ಅಕ್ಕಾವ್ರೇ, ಅದು ನಿಮ್ಮಿಂದ.

ಉಳಿದದ್ದನ್ನು ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಸೋಮವಾರ ಬೆಳಿಗ್ಗೆ ತೆಳ್ಳಗೆ ಕತ್ತರಿಸಿ, ಸಾಸಿವೆ ಹಚ್ಚಿದ ಪಾವ್‌ನಲ್ಲಿಟ್ಟು ಡಬ್ಬಿಗೆ ಒಯ್ದೆ. ಅಜ್ಜಿ ನನಗೂ ಸೋಮವಾರ ಹಾಗೇ ಕಟ್ಟಿಕೊಡುತ್ತಿದ್ದರು. ಈ ಭಾನುವಾರ ಕೆಂಪು ಕೋಸೂ ಮಾಡಬೇಕು. ಅಪ್ಪನಿಗೆ ಅದು ನುಂಗಲು ಆಗುವಷ್ಟು ಮೆತ್ತಗೆ ಆಗಬೇಕಾದರೆ ಒಂದು ಗಂಟೆ ಸಾಕಾ, ಇಲ್ಲ ಒಂದೂವರೆ ಬೇಕಾ?

ನೆಕ್ಕರ್_ತೀರ

ಒಂದೂವರೆ ಇಡಿ. ನೂಲಿನಷ್ಟು ಸಣ್ಣಗೆ ಹೆಚ್ಚಿ, ದಂಟು ಪೂರ್ತಿ ತೆಗೆಯಿರಿ. ಸೇಬು ಎರಡು ಹಾಕಿ, ಕರಗಿ ಕೂಡಿಕೊಳ್ಳುತ್ತದೆ. ಶನಿವಾರವೇ ಮಾಡಿಟ್ಟು ಭಾನುವಾರ ಬಿಸಿ ಮಾಡಿದರೆ ಇನ್ನೂ ಮೆತ್ತಗೆ.